ಓದುಗರ ಪ್ರಶ್ನೆ: ವಲೆನ್ಸಿಯಾದಲ್ಲಿ ಏನು ನೋಡಬೇಕು, ಏನು ಉಣ್ಣಬೇಕು?

ಹಿಂದಿನ ಸಂಚಿಕೆಯಲ್ಲಿ ಸ್ಪೇನಿನ ಅನ್ನದ ಅಡುಗೆಗಳ ಬಗ್ಗೆ ಬರೆಯುವಾಗ, ಆ ದೇಶದ ಪೂರ್ವ ಕರಾವಳಿಯ ವಲೆನ್ಸಿಯಾ ನನಗೆ ಅತ್ಯಂತ ಪ್ರಿಯವಾದ ಊರು ಎಂದು ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿಕೊಂಡಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ವಲೆನ್ಸಿಯಾಕ್ಕೆಂದು ಮೂರು ದಿನ ಎತ್ತಿಡಬಹುದು. ಆ ಮೂರು ದಿನಕ್ಕೆ ಅದು ತಕ್ಕ ಊರೇ? ಎಲ್ಲಿಂದ ಶುರು ಮಾಡಬೇಕು? (ನಿವೃತ್ತ ಉಪನ್ಯಾಸಕಿ, ಮೈಸೂರು)

ಖಂಡಿತ ತಕ್ಕ ಊರು. ಬಾರ್ಸಿಲೋನಾದಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಆದರೆ ಹೋಗುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಈ ಊರಿನಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿದರೆ ಸಾಲದು, ಎಷ್ಟು ಹೊತ್ತಿಗೆ ಹೋಗಬೇಕೆಂಬುದೂ ತಿಳಿದಿರಬೇಕು. ಮಾರುಕಟ್ಟೆ ಬೆಳಗಿನದು, ಅನ್ನ ಮಧ್ಯಾಹ್ನದ್ದು, ಸರೋವರ ಸಂಜೆಯದು. ಈ ಹೊತ್ತುಗಳನ್ನು ತಪ್ಪಿಸಿಕೊಂಡು ಹೋದವರು ಅದೇ ಜಾಗಗಳನ್ನು ನೋಡಿ ಬಂದೂ ‘ಅಂಥದ್ದೇನೂ ಇಲ್ಲ’ ಎನ್ನುವುದನ್ನು ನಾನು ಕೇಳಿದ್ದೇನೆ.

ನಿಮ್ಮ ಮೂರು ದಿನಗಳಲ್ಲಿ ಒಂದು ಗುರುವಾರ ಇರುವಂತೆ ನೋಡಿಕೊಳ್ಳಿ. ಅಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮೆರ್ಕಾದೊ ಸೆಂಟ್ರಾಲ್ ಎಂಬ ಕೇಂದ್ರ ಮಾರುಕಟ್ಟೆಗೆ ಹೋಗಿ. 1928ರಲ್ಲಿ ಆರಂಭವಾದ ಈ ಕಟ್ಟಡ ಕಬ್ಬಿಣ, ಗಾಜು ಮತ್ತು ಬಣ್ಣದ ಹೆಂಚುಗಳ ಕೆಲಸ. ನಡುವಿನ ಗುಮ್ಮಟದಿಂದ ಬೀಳುವ ಬೆಳಕು ಟೊಮೆಟೊ ರಾಶಿಯ ಮೇಲೆ ಹರಡುವುದನ್ನು ನೋಡಿದರೆ ಮೈಸೂರಿನವರಾದ ನಿಮಗೆ ದೇವರಾಜ ಮಾರುಕಟ್ಟೆಯ ಬೆಳಗು ನೆನಪಾಗದೆ ಇರದು. ಇದು ಪ್ರವಾಸಿಗರಿಗಾಗಿ ಇಟ್ಟ ಮಾರುಕಟ್ಟೆಯಲ್ಲ. ಊರಿನ ಅಜ್ಜಿಯರು ಗಾಲಿ ಚೀಲ ಎಳೆದುಕೊಂಡು ಬಂದು, ಪಲ್ಲೆಹೂವನ್ನು (ಆರ್ಟಿಚೋಕ್) ತಿರುಗಿಸಿ ತಿರುಗಿಸಿ ನೋಡಿ, ಬೆಲೆಯ ಬಗ್ಗೆ ಒಂದೆರಡು ಮಾತಾಡಿ ಕೊಳ್ಳುವ ಜಾಗ. ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ, ಭಾನುವಾರ ತೆರೆಯುವುದೇ ಇಲ್ಲ. ಕೇಸರಿ, ಕೆಂಪು ಮೆಣಸಿನ ಪುಡಿ ಮತ್ತು ಬಾದಾಮಿಯನ್ನು ಇಲ್ಲಿಯೇ ಕೊಳ್ಳುವುದು ಒಳ್ಳೆಯದು.

ಮಾರುಕಟ್ಟೆಯ ಎದುರಿಗೇ ಲೋನ್ಹಾ ಎಂಬ ರೇಷ್ಮೆ ವಿನಿಮಯ ಭವನವಿದೆ. 1482ರಿಂದ 1533ರವರೆಗೆ ಕಟ್ಟಿದ್ದು, 1996ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೊಡ್ಡ ಸಭಾಂಗಣದ ಕಂಬಗಳನ್ನು ಹಗ್ಗ ಹೊಸೆದಂತೆ ತಿರುಚಿ ಕಡೆದಿದ್ದಾರೆ. ಅವು ಮೇಲೇರುತ್ತ ತಾಳೆಮರದ ಗರಿಗಳ ಹಾಗೆ ಬಿಚ್ಚಿಕೊಂಡು ಛಾವಣಿಯಲ್ಲಿ ಬೆರೆತುಹೋಗುತ್ತವೆ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಲ್ಯಾಟಿನ್ ಬರಹವಿದೆ. ಮಾತಿನಲ್ಲಿ ಮೋಸವಿಲ್ಲದ, ಬಡ್ಡಿಗೆ ಹಣ ಕೊಡದ ವರ್ತಕನಿಗೆ ಸಂಪತ್ತೂ ಸದ್ಗತಿಯೂ ಸಿಗುತ್ತವೆ ಎಂಬುದು ಅದರ ಸಾರ. ರಾಮನಗರದ ಗೂಡು ಮಾರುಕಟ್ಟೆಯ ಗದ್ದಲವನ್ನು ಕಂಡವರಿಗೆ, ರೇಷ್ಮೆಯ ವ್ಯಾಪಾರಕ್ಕೆ ದೇವಾಲಯದಂಥ ಮಂಟಪ ಕಟ್ಟಿದ ಈ ಊರಿನ ಠೇಂಕಾರ ಕೊಂಚ ನಗು ತರಿಸಬಹುದು. ಹೊರಗೆ ಬಂದಾಗ ಸೂರಿನ ಅಂಚಿನ ಶಿಲ್ಪಗಳನ್ನು ತಲೆಯೆತ್ತಿ ನೋಡಿ. ಕೆಲವು ಸಾಕಷ್ಟು ಪೋಲಿಯಾಗಿವೆ.

ಅಲ್ಲಿಂದ ನಡೆದು ಹನ್ನೆರಡಕ್ಕೆ ಮುಂಚೆ ಕೆಥೆಡ್ರಲ್‌ನ ಬಾಗಿಲಿಗೆ ಬನ್ನಿ. ಯಾಕೆಂಬುದನ್ನು ಕೆಳಗೆ ಮಂಡ್ಯದ ಓದುಗರಿಗೆ ಕೊಟ್ಟ ಉತ್ತರದಲ್ಲಿ ಹೇಳಿದ್ದೇನೆ. ಕೆಥೆಡ್ರಲ್‌ನ ಮಿಕಾಲೆತ್ ಗೋಪುರಕ್ಕೆ 207 ಮೆಟ್ಟಿಲು, ಸುರುಳಿ ದಾರಿ. ಮಂಡಿನೋವಿದ್ದರೆ ಕೆಳಗೇ ಇರಿ, ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ಪ್ರಶ್ನೆ: ನಾವು ಅಪ್ಪಟ ಸಸ್ಯಾಹಾರಿಗಳು. ಅಲ್ಲಿನ ಹೆಸರಾಂತ ಪಾಯೆಯಾವನ್ನು ನಾವು ತಿನ್ನುವ ಹಾಗಿದೆಯೇ, ಅಥವಾ ಬರೀ ಬ್ರೆಡ್ಡು, ಹಣ್ಣೇ ಗತಿಯೇ? (ದಂಪತಿ, ಶಿವಮೊಗ್ಗ)

ತಿನ್ನಬಹುದು, ಆದರೆ ಕೇಳಿ ತಿನ್ನಬೇಕು. ಏನನ್ನು ಕೇಳಬೇಕೆಂದು ಗೊತ್ತಾಗಲು ಮೊದಲು ಆ ಅಡುಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ಪಾಯೆಯಾ ಎಂಬುದು ಅಸಲಿಗೆ ಪಾತ್ರೆಯ ಹೆಸರು, ಎರಡು ಹಿಡಿಯ, ಅಗಲವಾದ, ಆಳವಿಲ್ಲದ ಬಾಣಲೆ. ವಲೆನ್ಸಿಯಾದವರು ಇದು ನಮ್ಮದು ಎಂದು ಹಟ ಹಿಡಿಯುವ ಪಾಕದಲ್ಲಿ ಮೀನೂ ಇಲ್ಲ, ಸಿಗಡಿಯೂ ಇಲ್ಲ. ಅದು ಹೊಲದ ಅಡುಗೆ: ಕೋಳಿ, ಮೊಲ, ಅಗಲದ ಹಸಿರು ಹುರುಳಿಕಾಯಿ, ಗರೊಫೊ ಎಂಬ ದೊಡ್ಡ ಬಿಳಿ ಕಾಳು, ಟೊಮೆಟೊ, ಕೇಸರಿ, ಕೆಂಪು ಮೆಣಸಿನ ಪುಡಿ, ಆಲಿವ್ ಎಣ್ಣೆ, ನೀರು, ಉಪ್ಪು, ಅಕ್ಕಿ. ಕೆಲವರು ರೋಸ್‌ಮೆರಿ ಕಡ್ಡಿಯನ್ನೋ ಬಸವನ ಹುಳುಗಳನ್ನೋ ಹಾಕುತ್ತಾರೆ. ಗರೊಫೊ ನಮಗೇನೂ ಹೊಸತಲ್ಲ, ಬೆಂಗಳೂರಿನ ತರಕಾರಿ ಅಂಗಡಿಗಳಲ್ಲಿ ಡಬಲ್ ಬೀನ್ಸ್ ಎಂದು ಸಿಗುವ ಕಾಳಿನ ಜಾತಿಯದೇ. ಇದರಲ್ಲಿ ಸಾಸೇಜ್ ಸೇರಿಸಿದವರ ಮೇಲೆ ವಲೆನ್ಸಿಯಾದವರು ಹರಿಹಾಯುವುದನ್ನು ಕೇಳಿದರೆ, ಬಿಸಿಬೇಳೆ ಬಾತಿಗೆ ಬೆಳ್ಳುಳ್ಳಿ ಹಾಕಬಹುದೇ ಎಂದು ನಮ್ಮ ಮನೆಗಳಲ್ಲಿ ನಡೆಯುವ ಜಗಳ ಸಪ್ಪೆ ಎನಿಸುತ್ತದೆ.

ಕಿತ್ತಳೆ ಮರದ ಕಟ್ಟಿಗೆಯ ಉರಿಯ ಮೇಲೆ ಮಾಂಸ, ತರಕಾರಿಗಳನ್ನು ಹುರಿದು, ನೀರು ಕುದಿದು ರಸವಿಳಿದ ಮೇಲೆ ಅಕ್ಕಿಯನ್ನು ತೆಳ್ಳಗೆ ಹರಡುತ್ತಾರೆ. ಬಳಸುವ ಅಕ್ಕಿ ಬೊಂಬಾ ಅಥವಾ ಸೆನಿಯಾ ಎಂಬ ಗುಂಡು ತಳಿಗಳದು. ಅಕ್ಕಿ ಬಿದ್ದ ಮೇಲೆ ಸೌಟು ಹಾಕುವಂತಿಲ್ಲ, ಕಲಕಿದರೆ ಕೆಟ್ಟಿತು. ಕೊನೆಗೆ ನೀರೆಲ್ಲ ಇಂಗಿ, ಕುದಿಯುವ ಸದ್ದು ನಿಂತು, ಅದರ ಜಾಗದಲ್ಲಿ ಸಣ್ಣಗೆ ಚಟಚಟ ಸದ್ದು ಏಳುತ್ತದೆ. ಆ ಸದ್ದಿಗಾಗಿಯೇ ಅಡುಗೆಯವರು ಕಿವಿ ನೆಟ್ಟು ಕಾಯುತ್ತಾರೆ. ತಳದ ಅಕ್ಕಿ ಎಣ್ಣೆಯಲ್ಲಿ ಕೆಂಪಗಾಗಿ ಬಾಣಲೆಗೆ ಹತ್ತಿಕೊಳ್ಳುವ ಗಳಿಗೆ ಅದು. ಈ ಪದರಕ್ಕೆ ಸೊಕರ್ರಾತ್ ಎಂದು ಹೆಸರು. ನಮ್ಮಲ್ಲಿ ತಳ ಹಿಡಿದ ಅನ್ನವನ್ನು ಕೆರೆದು ಅದಕ್ಕೆ ಮಜ್ಜಿಗೆ ಹಾಕಿ ಗುಟ್ಟಾಗಿ ತಿನ್ನುವ ಸುಖವನ್ನು ಅವರು ಎಲ್ಲರೆದುರಿಗೆ, ಮರದ ಚಮಚದಿಂದ ಬಾಣಲೆಯ ತಳವನ್ನು ಕೆರೆಯುತ್ತ ಅನುಭವಿಸುತ್ತಾರೆ.

ಸಸ್ಯಾಹಾರಿಗಳು ಕೇಳಬೇಕಾದದ್ದು ಪಾಯೆಯಾ ದೆ ವೆರ್ದುರಾಸ್. ಪಲ್ಲೆಹೂ, ಹೂಕೋಸು, ದೊಡ್ಡ ಮೆಣಸಿನಕಾಯಿ, ಹುರುಳಿಕಾಯಿ, ಅಣಬೆ ಇತ್ಯಾದಿ ಹಾಕಿ ಮಾಡುತ್ತಾರೆ. ಒಳ್ಳೆಯ ಉಪಾಹಾರಗೃಹಗಳಲ್ಲಿ ಪ್ರತಿ ಮೇಜಿಗೂ ಬೇರೆ ಬಾಣಲೆಯಲ್ಲಿ ಹೊಸದಾಗಿ ಬೇಯಿಸುವುದರಿಂದ ಮಾಂಸದ ಪಾತ್ರೆಯಿಂದಲೇ ಬಡಿಸಿಬಿಡುವ ಭಯ ಕಡಿಮೆ. ತೊಡಕಿರುವುದು ಕಾಲ್ದೊದಲ್ಲಿ, ಅಂದರೆ ಅಕ್ಕಿ ಬೇಯಿಸುವ ಸಾರಿನಲ್ಲಿ. ತರಕಾರಿಯ ಪಾಯೆಯಾಕ್ಕೂ ಕೋಳಿಯ ಅಥವಾ ಮೀನಿನ ಸಾರು ಬಳಸುವ ಅಡುಗೆಮನೆಗಳಿವೆ. ಅವರ ಎಣಿಕೆಯಲ್ಲಿ ಕಣ್ಣಿಗೆ ಮಾಂಸದ ತುಂಡು ಬೀಳದಿದ್ದರೆ ಅದು ತರಕಾರಿಯ ಅಡುಗೆಯೇ! ಹೀಗಾಗಿ ಹೇಳುವಾಗಲೇ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್’ (ಮಾಂಸ, ಮೀನು, ಹಂದಿಮಾಂಸ ಬೇಡ) ಎಂದು ಹೇಳಿ, ಅದರ ಹಿಂದೆಯೇ ‘ಕಾಲ್ದೊ ದೆ ವೆರ್ದುರಾಸ್?’ ಎಂದು ಕೇಳಿ ತಿಳಿದುಕೊಳ್ಳಿ. ಮೂರನೆಯ ಪದವನ್ನು ಬಿಡಬೇಡಿ. ಹಂದಿಯ ತೊಡೆಯ ಚೂರುಗಳನ್ನು ತರಕಾರಿಗೆ ಒಗ್ಗರಣೆಯಂತೆ ಉದುರಿಸುವ ರೂಢಿ ಸ್ಪೇನಿನಲ್ಲೆಲ್ಲ ಇದೆ.

ಇನ್ನು ಹೊತ್ತಿನ ವಿಷಯ. ವಲೆನ್ಸಿಯಾದವರಿಗೆ ಪಾಯೆಯಾ ಮಧ್ಯಾಹ್ನದ ಊಟ, ಅದರಲ್ಲೂ ಭಾನುವಾರ ಮನೆಮಂದಿಯೆಲ್ಲ ಸೇರಿ ಮಾಡುವ ಊಟ. ಮಧ್ಯಾಹ್ನ ಎಂದರೆ ಅಲ್ಲಿ ಎರಡರಿಂದ ನಾಲ್ಕು ಗಂಟೆ. ಮೊದಲ ಸಲ ಹೋದಾಗ ಇದು ತಿಳಿಯದೆ, ಸಂಜೆ ಏಳಕ್ಕೆ ಹಸಿದು, ದೊಡ್ಡ ಚೌಕವೊಂದರಲ್ಲಿ ಬಣ್ಣದ ಚಿತ್ರಗಳ ಫಲಕವಿಟ್ಟಿದ್ದ ಹೋಟೆಲಿಗೆ ನುಗ್ಗಿದ್ದೆ. ಹತ್ತೇ ನಿಮಿಷದಲ್ಲಿ ತಂದಿಟ್ಟ ತಟ್ಟೆಯಲ್ಲಿ ಅರಿಸಿನದ ಬಣ್ಣದ ಮುದ್ದೆ ಅನ್ನವಿತ್ತು. ನಡುಭಾಗ ಇನ್ನೂ ತಣ್ಣಗಿತ್ತು. ಸುತ್ತ ನೋಡಿದೆ, ಆ ಹೊತ್ತಿನಲ್ಲಿ ಅನ್ನ ತಿನ್ನುತ್ತಿದ್ದವರೆಲ್ಲ ನನ್ನಂತೆ ಪರದೇಶದವರೇ. ನಿಜವಾದ ಪಾಯೆಯಾಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕು, ಸಾಮಾನ್ಯವಾಗಿ ಇಬ್ಬರಿಗಿಂತ ಕಡಿಮೆ ಜನರಿಗೆ ಮಾಡುವುದಿಲ್ಲ, ಕಟ್ಟಿಗೆಯ ಒಲೆಯ ಜಾಗಗಳಲ್ಲಿ ಹಿಂದಿನ ದಿನವೇ ಹೇಳಿಡಬೇಕು. ಮಾಲ್ವರ್ರೋಸಾ ಕಡಲತೀರದ ಕಾಸಾ ಕಾರ್ಮೆಲಾ 1922ರಿಂದ ನಡೆಯುತ್ತಿರುವ ಅಂಥ ಒಂದು ಮನೆ.

ಉಳಿದಂತೆ ಟೊಮೆಟೊ ತಿಕ್ಕಿದ ಸುಟ್ಟ ಬ್ರೆಡ್ಡು, ಸುಟ್ಟ ಬದನೆ ಮತ್ತು ಮೆಣಸಿನಕಾಯಿಯ ಎಸ್ಕಾಲಿವಾದ, ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೊರ್ತಿಯಾ ಎಲ್ಲೆಡೆ ಸಿಗುತ್ತವೆ. ಹೊಟ್ಟೆಗೆ ಮೋಸವಿಲ್ಲ. ಉಪ್ಪಿನಕಾಯಿಯ ಪುಟ್ಟ ಬಾಟಲಿಯನ್ನು ಜೊತೆಗೊಯ್ಯುವ ನಿಮ್ಮ ಯೋಚನೆಗೆ ನನ್ನ ಪೂರ್ಣ ಸಮ್ಮತಿಯಿದೆ.

ಪ್ರಶ್ನೆ: ನಾವು ಮೀನು ತಿನ್ನುವವರು. ಕಡಲೂರಿಗೆ ಹೋಗಿ ಕೋಳಿ, ಮೊಲದ ಅನ್ನ ತಿನ್ನಬೇಕೆ? (ಮಂಗಳೂರಿನ ಓದುಗರು)

ಬೇಕಿಲ್ಲ. ಆರ್ರೋಸ್ ಆ ಬಾಂದಾ ನಿಮಗೆ ತಕ್ಕದ್ದು. ಮಾರಾಟಕ್ಕೆ ಬಾರದ ಚಿಲ್ಲರೆ ಮೀನುಗಳ ಸಾರಿನಲ್ಲಿ ಅಕ್ಕಿ ಬೇಯಿಸಿ, ಅನ್ನವನ್ನೂ ಮೀನನ್ನೂ ಬೇರೆ ಬೇರೆ ಬಡಿಸುತ್ತಿದ್ದ ಬೆಸ್ತರ ಊಟವಿದು. ಹೆಸರಿನ ‘ಆ ಬಾಂದಾ’ಕ್ಕೆ ಬೇರೆಯಾಗಿ ಎಂದೇ ಅರ್ಥ. ಬೊಂಡಾಸಿನ ಮಸಿಯಲ್ಲಿ ಬೇಯಿಸಿದ ಕಪ್ಪು ಅನ್ನವೂ ಉಂಟು, ಬೆಳ್ಳುಳ್ಳಿ ಅರೆದ ಅಲಿಯೋಲಿ ಹಚ್ಚಿಕೊಂಡು ತಿನ್ನುತ್ತಾರೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಕ್ಲೋಚಿನಾ ಎಂಬ ಸಣ್ಣ ಚಿಪ್ಪಿನ ಕಾಲ. ಅದು ನಮ್ಮ ಮರುವಾಯಿಯಲ್ಲ, ನೀಲಿಕಲ್ಲಿನ ಕಡೆಯದು. ನಿಂಬೆ ಮತ್ತು ಮೆಣಸು ಹಾಕಿ ಹಬೆಯಲ್ಲಿ ಬಿಚ್ಚಿಸಿದ ಒಂದು ತಟ್ಟೆ ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ.

ಇದಕ್ಕೆ ಸರಿಯಾದ ಜಾಗ ಕಬನ್ಯಾಲ್, ಕಡಲತೀರದ ಹಳೆಯ ಬೆಸ್ತರ ಕೇರಿ. ಮನೆಗಳ ಮುಂಗೋಡೆಗೆಲ್ಲ ಹಸಿರು, ನೀಲಿ ಹೆಂಚುಗಳನ್ನು ಮೆತ್ತಿದ್ದಾರೆ. ನಗರದ ದೊಡ್ಡ ರಸ್ತೆಯೊಂದನ್ನು ನೇರ ಸಮುದ್ರದವರೆಗೆ ಎಳೆಯಲು ಈ ಕೇರಿಯ ನಡುವೆಯೇ ಮನೆಗಳನ್ನು ಕೆಡವುವ ಯೋಜನೆಯಿತ್ತು. ಕೇರಿಯವರು ವರ್ಷಗಟ್ಟಲೆ ಹೋರಾಡಿ ಅದನ್ನು ನಿಲ್ಲಿಸಿದರು. ಇಲ್ಲಿನ ಕಾಸಾ ಮೊಂತಾಞಾ 1836ರಷ್ಟು ಹಳೆಯ ಪಾನಗೃಹ, ಪೀಪಾಯಿಗಳ ನಡುವೆ ನಿಂತೇ ತಿನ್ನಬಹುದು. ಊಟಕ್ಕೆ ಮುಂಚೆ ತೀರದಲ್ಲಿ ಅಡ್ಡಾಡಿ. ವಲೆನ್ಸಿಯಾದಲ್ಲಿ ಹುಟ್ಟಿದ ಚಿತ್ರಕಾರ ಹೋಕಿನ್ ಸೊರೊಯಾ ಬಿಸಿಲಿನಲ್ಲಿ ಮಿನುಗುವ ಒದ್ದೆ ಮೈಯ ಮಕ್ಕಳನ್ನು ಚಿತ್ರಿಸಿದ್ದು ಈ ಮರಳಿನ ಮೇಲೆಯೇ. ನಿಮ್ಮ ಪಣಂಬೂರಿನ ಅಲೆ ನೋಡಿದವರಿಗೆ ಮೆಡಿಟರೇನಿಯನ್ ಸಮುದ್ರ ಕೆರೆಯಂತೆ ಕಾಣುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ವಲೆನ್ಸಿಯಾದಲ್ಲಿ ರೈತರೇ ನಡೆಸುವ ನೀರಿನ ನ್ಯಾಯಾಲಯವಿದೆ ಎಂದು ಕೇಳಿದ್ದೇನೆ. ನಿಜವೇ? ಹೊರಗಿನವರು ನೋಡಬಹುದೇ? (ರೈತರು, ಮಂಡ್ಯ)

ನಿಜ, ಮತ್ತು ಯಾರು ಬೇಕಾದರೂ ನೋಡಬಹುದು. ಪ್ರತಿ ಗುರುವಾರ ನಡುಹಗಲು ಹನ್ನೆರಡಕ್ಕೆ, ಕೆಥೆಡ್ರಲ್‌ನ ‘ಅಪೊಸ್ತಲರ ಬಾಗಿಲ’ ಮುಂದೆ, ಬಯಲಿನಲ್ಲೇ ಈ ನ್ಯಾಯಾಲಯ ಕೂಡುತ್ತದೆ. ತೂರಿಯಾ ನದಿಯಿಂದ ನೀರು ಪಡೆಯುವ ಎಂಟು ಕಾಲುವೆಗಳಿಗೆ ರೈತರೇ ಆರಿಸಿದ ಎಂಟು ಪ್ರತಿನಿಧಿಗಳು ಕಪ್ಪು ನಿಲುವಂಗಿ ತೊಟ್ಟು ಮರದ ಕುರ್ಚಿಗಳಲ್ಲಿ ದುಂಡಗೆ ಕುಳಿತುಕೊಳ್ಳುತ್ತಾರೆ. ಸೇವಕ ಒಂದೊಂದೇ ಕಾಲುವೆಯ ಹೆಸರು ಹಿಡಿದು, ಆ ಕಾಲುವೆಯ ಆಪಾದಿತರು ಇದ್ದಾರೆಯೇ ಎಂದು ಕೂಗುತ್ತಾನೆ. ಸರದಿ ತಪ್ಪಿಸಿ ನೀರು ಬಿಟ್ಟುಕೊಂಡದ್ದು, ತನ್ನ ಪಾಲಿನ ಕಾಲುವೆಯ ಹೂಳು ತೆಗೆಯದೆ ಬಿಟ್ಟದ್ದು, ಪಕ್ಕದವನ ಹೊಲಕ್ಕೆ ನೀರು ನುಗ್ಗಿಸಿದ್ದು, ಇಂಥವೇ ತಕರಾರುಗಳು. ವಕೀಲರಿಲ್ಲ. ವಿಚಾರಣೆಯೆಲ್ಲ ಬಾಯಿಮಾತಿನಲ್ಲಿ, ವಲೆನ್ಸಿಯನ್ ಭಾಷೆಯಲ್ಲಿ. ಕೊಟ್ಟ ತೀರ್ಪಿಗೆ ಮೇಲ್ಮನವಿಯಿಲ್ಲ. ಆಪಾದಿತನ ಕಾಲುವೆಯ ಪ್ರತಿನಿಧಿಗೆ ಆ ತೀರ್ಪಿನಲ್ಲಿ ಪಾಲಿಲ್ಲ.

ಸುತ್ತಲ ಹೊಲಗಳಿಗೆ ಈ ಕಾಲುವೆಗಳ ವ್ಯವಸ್ಥೆ ಮುಸ್ಲಿಂ ಆಳ್ವಿಕೆಯ ಕಾಲದಿಂದ ಬಂದದ್ದು. 1238ರಲ್ಲಿ ಊರನ್ನು ಗೆದ್ದ ಕ್ರೈಸ್ತ ದೊರೆ ಒಂದನೆಯ ಹಾಯ್ಮೆ ಅದನ್ನು ಹಾಗೆಯೇ ಮುಂದುವರಿಸಿದ. ಮಸೀದಿಯಿದ್ದ ಜಾಗದಲ್ಲಿ ಕೆಥೆಡ್ರಲ್ ಬಂತು, ನೀರಿನ ಕಟ್ಟಳೆ ಬದಲಾಗಲಿಲ್ಲ. 2009ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯೆಂದು ಗುರುತಿಸಿತು. ನಮ್ಮ ಕೆರೆ ಬಯಲುಗಳ ನೀರುಗಂಟಿಯನ್ನು ಬಲ್ಲವರಿಗೆ ಇದರ ಒಳಮರ್ಮವನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ನಾವು ನೀರುಗಂಟಿಯನ್ನು ಮರೆತೆವು, ಅವರು ತಮ್ಮವರನ್ನು ಕುರ್ಚಿಯಲ್ಲಿ ಉಳಿಸಿಕೊಂಡರು.

ಆದರೆ ಒಂದು ಎಚ್ಚರಿಕೆ. ಎಷ್ಟೋ ಗುರುವಾರ ತಕರಾರೇ ಇರುವುದಿಲ್ಲ. ಎಂಟು ಹೆಸರು ಕೂಗಿ, ಯಾರೂ ಮುಂದೆ ಬಾರದೆ, ಕೆಲವೇ ನಿಮಿಷಗಳಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ. ನಾನು ಹೋದ ಗುರುವಾರವೂ ಹಾಗೆಯೇ ಆಯಿತು. ಐದು ನಿಮಿಷ ತಡವಾಗಿ ಬಂದ ಪ್ರವಾಸಿಗಳ ದಂಡೊಂದು ಖಾಲಿ ಕುರ್ಚಿಗಳ ಚಿತ್ರ ತೆಗೆದುಕೊಂಡು ಹೋಯಿತು.

ಮಂಡ್ಯದವರಾದ ನೀವು ತಪ್ಪದೆ ನೋಡಬೇಕಾದ ಇನ್ನೊಂದು ಜಾಗ ಅಲ್ಬುಫೇರ. ನಗರದಿಂದ ಸುಮಾರು 10 ಕಿ.ಮೀ. ದಕ್ಷಿಣಕ್ಕಿರುವ ಈ ಸರೋವರದ ಹೆಸರು ‘ಪುಟ್ಟ ಸಮುದ್ರ’ ಎಂಬರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಸುತ್ತಲೂ ಭತ್ತದ ಗದ್ದೆಗಳು. ಮೇ ತಿಂಗಳಲ್ಲಿ ನೀರು ತುಂಬಿ ಬಿತ್ತುತ್ತಾರೆ, ಸೆಪ್ಟೆಂಬರಿನಲ್ಲಿ ಕೊಯ್ಲು. ಊರಿನ ಬಾಣಲೆಗೆ ಬೀಳುವ ಅಕ್ಕಿ ಇಲ್ಲಿಯದು. ಎಲ್ ಪಾಲ್ಮಾರ್ ಎಂಬ ಹಳ್ಳಿಗೆ ನಗರ ಸಾರಿಗೆಯ ಬಸ್ಸಿದೆ. ಅಲ್ಲಿ ಹಾವುಮೀನನ್ನು ಬೆಳ್ಳುಳ್ಳಿ, ಮೆಣಸಿನ ಪುಡಿಯಲ್ಲಿ ಬೇಯಿಸಿದ ಆಲ್ ಇ ಪೆಬ್ರೆ ಸಿಗುತ್ತದೆ. ಮುಳುಗುವ ಸೂರ್ಯನಿಗೆ ಸರಿಯಾಗಿ ದೋಣಿ ಹತ್ತಿ. ಅಂಬಿಗ ಸರೋವರದ ನಡುವೆ ಯಂತ್ರ ನಿಲ್ಲಿಸಿದಾಗ ನೀರೂ ಗದ್ದೆಯೂ ಆಕಾಶವೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ.

ಪ್ರಶ್ನೆ: 2024ರ ಪ್ರವಾಹದ ಚಿತ್ರಗಳನ್ನು ನೋಡಿದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಲು ಅಳುಕು. ಊರು ಉಳಿದಿದೆಯೇ? ಮಕ್ಕಳಿಗೆ ಅಲ್ಲಿ ಏನಿದೆ? (ಬೆಂಗಳೂರು)

2024ರ ಅಕ್ಟೋಬರ್ 29ರಂದು ಸುರಿದ ಮಳೆಯಿಂದ ವಲೆನ್ಸಿಯಾ ಪ್ರಾಂತದಲ್ಲಿ 220ಕ್ಕೂ ಹೆಚ್ಚು ಮಂದಿ ಸತ್ತರು. ಪಾಯ್ಪೋರ್ತ, ಕತರ್ರೋಹಾದಂಥ ನಗರದ ದಕ್ಷಿಣದ ಊರುಗಳು ಕೆಸರಿನಲ್ಲಿ ಹೂತುಹೋದವು. ನೀವು ನೋಡಲು ಹೋಗುವ ಹಳೆಯ ನಗರಕ್ಕೆ ನೀರು ನುಗ್ಗಲಿಲ್ಲ. ಅದಕ್ಕೆ ಕಾರಣ ಇನ್ನೊಂದು ಪ್ರವಾಹ. 1957ರ ಅಕ್ಟೋಬರ್ 14ರಂದು ತೂರಿಯಾ ಉಕ್ಕಿ ನಗರದಲ್ಲಿ 80ಕ್ಕೂ ಹೆಚ್ಚು ಜನ ಸತ್ತಾಗ, ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿ ಹೊಸ ಪಾತ್ರ ತೋಡಿದರು. ಒಣಗಿದ ಹಳೆಯ ಪಾತ್ರದಲ್ಲಿ ಹೆದ್ದಾರಿ ಹಾಕಲು ಸರ್ಕಾರ ಹೊರಟಿತು. ಜನ ಬೀದಿಗಿಳಿದು, ನದಿಯ ಪಾತ್ರ ನಮ್ಮದು, ಅದು ಹಸಿರಾಗಿರಲಿ ಎಂದು ಪಟ್ಟು ಹಿಡಿದರು. ಇಂದು ಅದು ಸುಮಾರು 9 ಕಿ.ಮೀ. ಉದ್ದದ ಉದ್ಯಾನ. ನೀರಿಲ್ಲದ ನದಿಯ ಮೇಲೆ ಶತಮಾನಗಳ ಹಿಂದಿನ ಕಲ್ಲುಸೇತುವೆಗಳು ಹಾಗೆಯೇ ನಿಂತಿವೆ, ಕೆಳಗೆ ಮಕ್ಕಳು ಸೈಕಲ್ ತುಳಿಯುತ್ತಾರೆ. ರಾಜಕಾಲುವೆಗಳನ್ನು ನುಂಗಿದ ಊರಿನಿಂದ ಹೋಗುವ ನಮಗೆ ಅಲ್ಲಿ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ.

ಮಕ್ಕಳಿಗೆ ಈ ಉದ್ಯಾನದಲ್ಲೇ ನೆಲಕ್ಕೊರಗಿದ ದೈತ್ಯ ಗಲಿವರ್ ಇದ್ದಾನೆ, ಅವನ ಕೈಕಾಲು, ಕೂದಲು, ಕೋಟಿನ ಮಡಿಕೆಗಳೇ ಜಾರುಬಂಡೆ. ಕೆಳತುದಿಯಲ್ಲಿ ಕಲೆ ಮತ್ತು ವಿಜ್ಞಾನಗಳ ನಗರ ಎಂಬ ಬಿಳಿಯ ಕಟ್ಟಡಗಳ ಸಾಲು. ಅವುಗಳಲ್ಲಿ ಬಹುಪಾಲು, ಈ ಊರಿನವರೇ ಆದ ವಾಸ್ತುಶಿಲ್ಪಿ ಸಾಂತಿಯಾಗೊ ಕಲತ್ರಾವಾ ಅವರ ವಿನ್ಯಾಸ. ಅಕ್ವೇರಿಯಂ ಒಂದಕ್ಕೆ ಅರ್ಧ ದಿನ ಕೊಡಿ, ವಿಜ್ಞಾನ ಸಂಗ್ರಹಾಲಯಕ್ಕಿಂತ ಅದೇ ಮಕ್ಕಳಿಗೆ ಹಿಡಿಸುತ್ತದೆ. ಕಟ್ಟಡಗಳನ್ನು ಹೊರಗಿನಿಂದ ನೋಡಲು ದುಡ್ಡು ಕೊಡಬೇಕಾಗಿಲ್ಲ. ನನ್ನ ಮಟ್ಟಿಗೆ ಹೊರಗಿನ ನೋಟವೇ ಸಾಕು.

ಪ್ರಶ್ನೆ: ಫಾಯಾಸ್ ಹಬ್ಬ ಯಾವಾಗ? (ಹಾಸನ)

ಮಾರ್ಚ್ 15ರಿಂದ 19. ಬೀದಿಬೀದಿಗಳಲ್ಲಿ ನಿಲ್ಲಿಸಿದ ಭಾರೀ ಗೊಂಬೆಗಳನ್ನು 19ರ ರಾತ್ರಿ ಸುಡುತ್ತಾರೆ. ಆ ತಿಂಗಳ ಮೊದಲ ದಿನದಿಂದಲೇ ಮಧ್ಯಾಹ್ನ ಎರಡಕ್ಕೆ ಪುರಸಭೆಯ ಚೌಕದಲ್ಲಿ ಕಿವಿ ಗಡಚಿಕ್ಕುವ ಪಟಾಕಿ. ವಸತಿಯ ದರವೂ ಆಗ ಆಕಾಶಕ್ಕೇರುತ್ತದೆ.

ಪ್ರಶ್ನೆ: ಅಲ್ಲಿ ಗಡ್ಡೆಯಿಂದ ಹಾಲು ಮಾಡಿ ಕುಡಿಯುತ್ತಾರಂತೆ. ಅದೇನು? (ಶಿರಸಿ)

ಅದು ಓರ್ಚಾತ. ನಮ್ಮ ಗದ್ದೆ, ತೋಟಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಹುಟ್ಟುವ ತುಂಗೆ ಹುಲ್ಲು ನಿಮಗೆ ಗೊತ್ತಿದೆ. ಅದರದೇ ಕುಲದ, ಆದರೆ ಸಿಹಿಯಾದ ಗಡ್ಡೆ ಬಿಡುವ ಇನ್ನೊಂದು ಹುಲ್ಲಿಗೆ ಅಲ್ಲಿ ಚೂಫಾ ಎನ್ನುತ್ತಾರೆ. ಕಡಲೆಕಾಳಿನಷ್ಟೇ ಇರುವ, ಸುಕ್ಕುಗಟ್ಟಿದ ಗಡ್ಡೆಗಳನ್ನು ನೆನೆಸಿ, ನೀರು ಹಾಕಿ ಅರೆದು, ರಾಗಿ ಮಣ್ಣಿಗೆ ಹಾಲು ಹಿಂಡುವಂತೆ ಹಿಂಡಿ, ಸಕ್ಕರೆ ಬೆರೆಸಿ ತಣ್ಣಗಾಗಿಸುತ್ತಾರೆ. ಪ್ರಾಣಿಜನ್ಯವಾದದ್ದು ಒಂದೂ ಇಲ್ಲ. ಬಾದಾಮಿ ಹಾಲಿಗೂ ಹಸಿ ತೆಂಗಿನಹಾಲಿಗೂ ನಡುವಿನ, ತುಸು ಮಣ್ಣಿನ ಸೊಗಡಿರುವ ರುಚಿ. ಜೊತೆಗೆ ಫಾರ್ತೋನ್ಸ್ ಎಂಬ ಬೆರಳುದ್ದದ ಮೆತ್ತನೆಯ ಸಿಹಿ ಬನ್ನು ಕೊಡುತ್ತಾರೆ. ಅದನ್ನು ಲೋಟದಲ್ಲಿ ಅದ್ದಿಯೇ ತಿನ್ನಬೇಕು. ಮೊಟ್ಟೆ ತಿನ್ನದವರು ಬನ್ನಿನ ಬಗ್ಗೆ ಕೇಳಿಕೊಳ್ಳಲಿ.

ಹಳೆಯ ನಗರದ ಓರ್ಚಾತೆರಿಯಾ ಸಾಂತಾ ಕತಾಲಿನಾದಲ್ಲಿ ಹೆಂಚಿನ ಚಿತ್ರಗಳ ಗೋಡೆಗಳ ನಡುವೆ ಕುಳಿತು ಕುಡಿಯಬಹುದು. ಪುರುಸೊತ್ತಿದ್ದರೆ ಮೆಟ್ರೊ ಹಿಡಿದು, ಚೂಫಾ ಬೆಳೆಯುವ ಪಕ್ಕದ ಅಲ್ಬೊರಾಯಾ ಊರಿಗೇ ಹೋಗಿ. ಸಂಜೆ ಆರರ ಹೊತ್ತಿಗೆ ಅಲ್ಲಿನ ಅಂಗಡಿಗಳಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ಲೀಕಿದಾ ಎಂದರೆ ತೆಳ್ಳಗಿನದು, ಗ್ರಾನಿಸಾದಾ ಎಂದರೆ ಅರೆಮಂಜುಗಟ್ಟಿದ್ದು. ಮೊದಲ ಲೋಟಕ್ಕೆ ಲೀಕಿದಾ ಕೇಳಿ, ಗಡ್ಡೆಯ ಪರಿಮಳ ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ. ಒಣಗಿದ ಗಡ್ಡೆಯನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಕೊಂಡು ತಂದರೆ ತಿನ್ನಲು ತನ್ನಿ. ಬಿತ್ತಲು ಮಾತ್ರ ಬೇಡ, ತೋಟದಲ್ಲಿರುವ ತುಂಗೆಯನ್ನು ಕಿತ್ತು ಮುಗಿಸುವುದೇ ನಿಮಗೆ ಸಾಕಾಗಿರುತ್ತದೆ.